ಗುಡುಗಪ್ಪನ ಹೊಸ್ತಿಲ ಸುಂಕ

ನಿಜವಾದ ಕಥೆಯನ್ನೇ ಹೇಳುತ್ತೇನೆ. ಸುಳ್ಳು ಬೆರೆಸಿದರೆ ನಡುರಸ್ತೆಯಲ್ಲಿ ನನ್ನ ಕೊಡೆ ಗಾಳಿಗೆ ತಿರುಗಿ ಬಟ್ಟಲಾಗಲಿ.

ಒಂದು ಬೀದಿಯಲ್ಲಿ ಕೊಡೆ ಮಾಡುವ ಯಜಮಾನನೊಬ್ಬನಿದ್ದ. ಮಾತಾಡಿದರೆ ಎದುರು ಮನೆಯ ಕಿಟಕಿ ಗಾಜು ಅದುರುತ್ತಿತ್ತು. ಹಾಗಾಗಿ ಅವನ ಹೆಸರು ಗುಡುಗಪ್ಪ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯೆಂದರೆ ಉದ್ದನೆಯ ಒಂದೇ ಕೋಣೆ. ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರಗಳು, ಗೋಡೆಯ ಪಕ್ಕ ಮುಕ್ಕೋನವಾಗಿ ಕತ್ತರಿಸಿಟ್ಟ ಕಪ್ಪು ಬಟ್ಟೆ, ಮೇಲಿನ ತೊಲೆಯಿಂದ ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುವ, ಇನ್ನೂ ಬಟ್ಟೆ ಕಾಣದ ಕಡ್ಡಿಗೂಡುಗಳು.

ಗುಡುಗಪ್ಪನ ಸಿಟ್ಟಿಗೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಎದುರಿನ ಬಜಾರಿನಲ್ಲಿ ಹೊರದೇಶದ ಮಡಚುವ ಕೊಡೆ ಇವನ ಕೊಡೆಯ ಅರ್ಧ ಬೆಲೆಗೆ ಸಿಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಇಬ್ಬರು ಹೊಲಿಗೆಯವರಿಗೆ ಕೈಮುಗಿದು, "ನಾಳೆಯಿಂದ ಬರಬೇಡಿ ತಾಯಿ" ಅನ್ನಬೇಕಾಗಿ ಬಂದಿತ್ತು. ಹಾಗೆ ಹೇಳಿದ ದಿನ ಅವನು ಗುಡುಗಲಿಲ್ಲ, ಊಟವನ್ನೂ ಮಾಡಲಿಲ್ಲ. ಈಗ ಉಳಿದವರು ದೊಡ್ಡಕ್ಕ ಮತ್ತು ಅವಳ ಜೊತೆಯ ಮೂವರು. ಈ ಮಳೆಗಾಲವೂ ಹಾಗೇ ಆದರೆ ಅವರ ಯಂತ್ರಗಳಿಗೂ ಮುಸುಕು ಬೀಳುವುದು ಖಂಡಿತ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಹೊರದೇಶದ ಸಾಮಾನಿನ ಮೇಲೆ ಸುಂಕ ಏರಿಸಬೇಕೇ ಬೇಡವೇ ಎಂದು ಕೇಳಲು ಸರ್ಕಾರದ ಸಮಿತಿಯೊಂದು ಊರಿಗೆ ಬರುವುದಿತ್ತು. ಸಣ್ಣ ಕೊಡೆಯಂಗಡಿಗಳ ಪರವಾಗಿ ಮಾತಾಡಲು ಗುಡುಗಪ್ಪನೇ ಸರಿ ಎಂದು ಕೊಡೆ ಸಂಘದ ಅಧ್ಯಕ್ಷರು ತೀರ್ಮಾನಿಸಿದರು. ತಾವೇ ಕಾರಿನಲ್ಲಿ ಬಂದು, ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿ ಹೋದರು.

ಸಭೆಯ ಹಿಂದಿನ ದಿನ ಗುಡುಗಪ್ಪ ಬೆಳಗಿನಿಂದ ಅಂಗಡಿಯಲ್ಲೇ ಭಾಷಣದ ತಾಲೀಮು ನಡೆಸಿದ್ದ.

"ಆ ದೇಶದಿಂದ ನಾವು ಗುಡ್ಡದಷ್ಟು ಕೊಳ್ತೀವಿ! ನಮ್ಮಿಂದ ಅವರು ಹಿಡಿಯಷ್ಟೂ ಕೊಳ್ಳಲ್ಲ! ಇದಕ್ಕೆ ವ್ಯಾಪಾರ ಕೊರತೆ ಅಂತಾರೆ. ನಾನು ಹೇಳ್ತೀನಿ, ಇದು ಹಗಲು ದರೋಡೆ! ಹಾಕಿ ಸುಂಕ! ಅವರೇ ಕಟ್ಟಲಿ!"

"ಮಾವ, ನಿಧಾನ. ದಾರ ತುಂಡಾಗ್ತಿದೆ," ಅಂದಳು ಬಾಗಿಲಲ್ಲಿ ನಿಂತಿದ್ದ ಗಿಣಿ.

ಗಿಣಿ ಅವನ ತಂಗಿಯ ಮಗಳು. ಬಂದರಿನಲ್ಲಿ ಹಡಗಿನ ಸಾಮಾನು ಬಿಡಿಸಿಕೊಡುವ ಕಚೇರಿಯಲ್ಲಿ ಅವಳಿಗೆ ಕೆಲಸ. ಯಾರ ಧ್ವನಿ ಕೇಳಿದರೂ ಹಾಗೇ ಆಡಿ ತೋರಿಸುತ್ತಿದ್ದಳು, ಅದಕ್ಕೇ ಆ ಹೆಸರು. ಅವತ್ತು ಅವಳಿಗೆ ರಜೆ. ಬಾಯಿಗೆ ಮಾತ್ರ ಎಂದೂ ರಜೆ ಇರಲಿಲ್ಲ.

"ಒಬ್ಬರೇ ಕೂಗಿದ್ರೆ ತಾಲೀಮು ಹೇಗಾಗುತ್ತೆ? ನಾನೇ ಅಧಿಕಾರಿ ಆಗ್ತೀನಿ," ಎಂದು ಮಾವನ ಕನ್ನಡಕ ಕಸಿದು ಹಾಕಿಕೊಂಡಳು. ಮೂಗಿನ ಕೆಳಗೆ ಕೊಡೆ ಬಟ್ಟೆಯ ಚೂರು ಅಂಟಿಸಿ, ಬಾಗಿಲ ಬಳಿ ಸ್ಟೂಲು ಎಳೆದು ಕೂತಳು. ಗಂಟಲು ಮೂರು ಪಟ್ಟು ದಪ್ಪವಾಯಿತು. "ಹ್ಞೂಂ. ನಿಮ್ಮ ಬೇಡಿಕೆ ಏನಪ್ಪಾ?"

ಹೊಲಿಗೆ ಯಂತ್ರಗಳು ನಿಂತವು. ದೊಡ್ಡಕ್ಕ ಸೆರಗು ಬಾಯಿಗೆ ಒತ್ತಿ ನಕ್ಕಳು. ಗುಡುಗಪ್ಪ ಎದೆ ಉಬ್ಬಿಸಿದ.

"ಸ್ವಾಮಿ! ಹೊರದೇಶದ ಕೊಡೆ, ಕೊಡೆಗೆ ಸಂಬಂಧಪಟ್ಟ ಸಕಲ ಸಾಮಾನು, ಎಲ್ಲದರ ಮೇಲೂ ಬೆಲೆಯ ಅರ್ಧದಷ್ಟು ಸುಂಕ!"

"ಮಂಜೂರು! ಈ ಹೊಸ್ತಿಲೇ ದೇಶದ ಗಡಿ. ಒಳಗೆ ಬರೋ ಹೊರಗಿನ ಸಾಮಾನಿಗೆಲ್ಲ ಈಗಿಂದಲೇ ಸುಂಕ. ಅತ್ತೆ, ನೀವು ಸರ್ಕಾರದ ಖಜಾನೆ. ಬನ್ನಿ."

ಅಡುಗೆಮನೆಯಿಂದ ಗುಡುಗಪ್ಪನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಖಜಾನೆ ಕೆಲಸಕ್ಕೆ ನನಗೆ ಹೇಳಿಕೊಡಬೇಕಾ?" ಎಂದು ಖಾಲಿ ಡಬ್ಬಿ ಹಿಡಿದು ನಿಂತಳು.

ಸರಿಯಾಗಿ ಆಗಲೇ ಎದುರಿನ ಟೀ ಅಣ್ಣ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು ಬಂದ.

"ನಿಲ್ಲಿ! ಹೊರಗಿನ ಸಾಮಾನು. ಸುಂಕ ಕಟ್ಟಿ," ಅಂದಳು ಅಧಿಕಾರಿ.

"ಕಟ್ಟೋ!" ಎಂದು ಗುಡುಗಪ್ಪನೂ ಖುಷಿಯಿಂದ ಗುಡುಗಿದ. "ವರ್ಷಗಟ್ಟಲೆ ನಿನ್ನ ಟೀ ಕುಡಿದಿದ್ದೀನಿ. ನೀನು ಒಂದು ದಿನ ನನ್ನ ಕೊಡೆ ಕೊಂಡಿದ್ದೀಯಾ? ಕೊರತೆ! ದರೋಡೆ!"

"ನಾನ್ಯಾಕೆ ಕಟ್ಟಲಿ ಯಜಮಾನ್ರೇ?" ಟೀ ಅಣ್ಣ ಕಣ್ಣು ಬಿಟ್ಟ. "ನನ್ನ ಟೀಗೆ ಇದು ಬೆಲೆ. ಬೇಕಾದ್ರೆ ಕುಡೀರಿ, ಇಲ್ಲಾಂದ್ರೆ ಪಕ್ಕದ ಬಡಗಿ ಕುಡೀತಾರೆ. ಗಿರಾಕಿ ಕೈ ತಪ್ಪುತ್ತೆ ಅನ್ನಿಸಿದ್ರೆ ಚೂರುಪಾರು ಬಿಟ್ಟುಕೊಟ್ಟೇನು. ನಿಮ್ಮ ಹೊಸ್ತಿಲ ಸುಂಕ ಪೂರ್ತಿ ನಾನೇ ಕಟ್ಟಿದ್ರೆ ನನ್ನ ಒಲೆ ಉರಿಯುತ್ತಾ?"

"ಮತ್ತೆ ಯಾರು ಕಟ್ಟಬೇಕು?"

"ತರಿಸಿದವರು," ಅಂದಳು ಅಧಿಕಾರಿ. "ಬಂದರಲ್ಲೂ ಅದೇ ನಿಯಮ. ಸುಂಕ ಕಟ್ಟೋದು ಸಾಮಾನು ತರಿಸಿಕೊಂಡ ನಮ್ಮೂರಿನ ವ್ಯಾಪಾರಿ. ಅವನು ಅದರಲ್ಲಿ ಮುಕ್ಕಾಲು ಪಾಲು ಬೆಲೆಗೆ ಸೇರಿಸಿ ಗಿರಾಕಿ ತಲೆಗೆ ಕಟ್ತಾನೆ. ಕಟ್ಟಿ, ಟೀ ಆರ್ತಿದೆ."

ಗುಡುಗಪ್ಪ ಜೇಬು ತಡಕಿ ಡಬ್ಬಿಗೆ ಚಿಲ್ಲರೆ ಹಾಕಿದ. ಖಣ್ ಎಂದಿತು. "ಆಟ ತಾನೇ," ಎಂದು ಹಲ್ಲು ಕಿರಿದ. ಆದರೂ ಒಂದು ಅನುಮಾನ ಅವನ ಮುಖದಲ್ಲಿ ಕೂತುಬಿಟ್ಟಿತು.

ದೊಡ್ಡಕ್ಕ ಲೋಟ ಹಿಡಿದುಕೊಂಡೇ ಕೇಳಿದಳು: "ಯಜಮಾನ್ರೇ, ನಾನೂ ನಿಮ್ಮ ಹತ್ರ ಕೊಡೆ ಕೊಂಡಿಲ್ಲ. ದಿನಾ ನನ್ನ ಹೊಲಿಗೆಗೆ ನೀವು ದುಡ್ಡು ಕೊಡ್ತೀರಿ, ನಾನು ನಿಮಗೆ ಏನೂ ವಾಪಸ್ ಕೊಡಲ್ಲ. ಹಾಗಾದ್ರೆ ನಾನೂ ದರೋಡೆಕೋರಳೇ?"

"ಛೆ ಛೆ, ನೀನು ಹೊಲಿಗೆ ಕೊಡ್ತೀಯಲ್ಲಮ್ಮಾ!"

"ಟೀ ಅಣ್ಣ ಟೀ ಕೊಡ್ತಾನಲ್ಲ!"

ಗುಡುಗಪ್ಪ ತಟ್ಟೆಯಿಂದ ಒಂದು ಲೋಟ ಎತ್ತಿ ಒಂದೇ ಗುಟುಕಿಗೆ ಮುಗಿಸಿದ.

ಗಿಣಿ ಮೀಸೆ ಸರಿಮಾಡಿಕೊಂಡು ತನ್ನ ಧ್ವನಿಗೆ ಬಂದಳು. "ಮಾವ, ಕೊರತೆ ಅಂದ ತಕ್ಷಣ ಕಳ್ಳತನ ಅಲ್ಲ. ಒಬ್ಬರ ಹತ್ರ ಕೊಳ್ತೀವಿ, ಇನ್ನೊಬ್ಬರಿಗೆ ಮಾರ್ತೀವಿ. ಸಾಲ ಮಾಡಿ ಮಾಡಿ ಟೀ ಕುಡೀತಾ ಕೂತರೆ ಅದು ಚಿಂತೆಯ ವಿಷಯ, ಒಪ್ಪಿದೆ. ಆಗಲೂ ತಪ್ಪು ಟೀ ಅಣ್ಣಂದು ಅಂತ ಹೇಳೋಕಾಗಲ್ಲ."

"ಹಾಗಾದ್ರೆ ಮನೆಗೆ ಕಳಿಸಿದೆನಲ್ಲ, ಆ ಇಬ್ಬರು? ಅವರಿಗೇನು ಹೇಳ್ತೀಯಾ?" ಗುಡುಗಪ್ಪನ ದನಿ ಇಳಿದಿತ್ತು. "ಅಗ್ಗದ ಕೊಡೆ ಸಿಕ್ಕಿತಲ್ಲ, ಸಂತೋಷಪಡಿ ಅಂತಲೇ?"

ಗಿಣಿ ಕನ್ನಡಕ ಹಣೆಗೇರಿಸಿದಳು. "ಇಲ್ಲ ಮಾವ. ಆ ಸಿಟ್ಟು ನ್ಯಾಯವಾದದ್ದು. ಸುಂಕ ಬೇಡವೇ ಬೇಡ ಅಂತ ನಾನೂ ಹೇಳ್ತಿಲ್ಲ. ಯಾವುದರ ಮೇಲೆ, ಎಷ್ಟು ದಿನ, ಯಾರ ಜೇಬಿಂದ, ಯಾರ ಲಾಭಕ್ಕೆ ಅಂತ ಕೇಳದೇ ಕೂಗಬೇಡಿ ಅಂತೀನಿ ಅಷ್ಟೆ."

ಹೊರಗೆ ತಳ್ಳುಗಾಡಿ ನಿಂತ ಸದ್ದಾಯಿತು. ಹಮಾಲಿ ಉದ್ದನೆಯ ಮೂಟೆಯೊಂದನ್ನು ಹೆಗಲ ಮೇಲೆ ಹೊತ್ತು ಹೊಸ್ತಿಲಿಗೆ ಬಂದ. ಕೊಡೆಯ ಉಕ್ಕಿನ ಕಡ್ಡಿಗಳು.

ಗಿಣಿಯ ಗಂಟಲು ಮತ್ತೆ ದಪ್ಪವಾಯಿತು. "ನಿಲ್ಲಿ! ಹೊರದೇಶದ ಸಾಮಾನು. ಅರ್ಧ ಬೆಲೆ ಸುಂಕ!"

ಗುಡುಗಪ್ಪನಿಗೆ ಹೋದ ಜೀವ ಬಂದಂತಾಯಿತು. ತೊಡೆ ತಟ್ಟಿ ನಕ್ಕ. "ಸಿಕ್ಕಿಬಿದ್ದೆ ನೋಡು ಗಿಣಿ! ಇದು ಆಚೆ ಬೀದಿ ಸಾಹುಕಾರನ ಅಂಗಡಿಯದ್ದು. ನಮ್ಮಪ್ಪನ ಕಾಲದಿಂದ ಅಲ್ಲೇ ತಗೋತೀವಿ. ಅಪ್ಪಟ ನಮ್ಮೂರ ಮಾಲು!"

"ಸಾಹುಕಾರ ನಮ್ಮೂರವನು, ಮಾಲು ಅಲ್ಲ. ಈಗ ನೀವು ನಿಂತಿರೋದು ಯಾವುದರ ಮೇಲೆ?"

"ಯಾವುದರ ಮೇಲೆ? ಕಾಲೊರಸೋ ಗೋಣಿ ಮೇಲೆ."

"ಕೆಳಗೆ ನೋಡಿ."

ಎಲ್ಲರೂ ನೋಡಿದರು. ಕಡ್ಡಿ ಬಂದ ಮೂಟೆಯ ಗೋಣಿಯನ್ನೇ ಬಿಚ್ಚಿ ಹೊಸ್ತಿಲಿಗೆ ಹಾಸುವುದು ಆ ಅಂಗಡಿಯ ಪದ್ಧತಿ. ಹಳೆಯದು ಹರಿದರೆ ಹೊಸದು. ಕೆಸರು ಮೆತ್ತಿದ ಆ ಗೋಣಿಯ ಮೇಲೆ ಯಾರಿಗೂ ಓದಲು ಬಾರದ ಲಿಪಿಯಲ್ಲಿ ದಪ್ಪ ದಪ್ಪ ಅಕ್ಷರಗಳಿದ್ದವು. ಹಮಾಲಿಯ ಹೆಗಲ ಮೇಲಿನ ಮೂಟೆಯಲ್ಲೂ ಅವೇ ಅಕ್ಷರ.

"ಯಾವ ದೇಶದ ಮೇಲೆ ಬೆಳಗಿಂದ ಗುಡುಗ್ತಿದ್ದೀರೋ ಆ ದೇಶದ್ದೇ," ಅಂದಳು ಗಿಣಿ. "ಹಡಗಿಂದ ಇಳಿಯೋ ಈ ಮೂಟೆಗಳನ್ನ ಬಿಡಿಸಿಕೊಡೋದೇ ನನ್ನ ಕೆಲಸ. ನೀವು ವರ್ಷಗಳಿಂದ ಅದರ ಮೇಲೇ ಕಾಲೊರಸಿ ಒಳಗೆ ಬರ್ತಿದ್ದೀರಿ."

ಗುಡುಗಪ್ಪ ಕಾದ ಹೆಂಚಿನ ಮೇಲೆ ನಿಂತವನಂತೆ ಗೋಣಿಯಿಂದ ಜಿಗಿದ.

ಹಮಾಲಿ ನರಳಿದ: "ಯಾರಾದ್ರೂ ಕಟ್ಟಿ ಸ್ವಾಮಿ, ಹೆಗಲು ಬಿದ್ದುಹೋಗ್ತಿದೆ!"

"ಕಟ್ಟಿ," ಎಂದು ಖಜಾನೆ ಡಬ್ಬಿ ಚಾಚಿತು. ಗುಡುಗಪ್ಪ ಜೇಬಿನಲ್ಲಿದ್ದ ನೋಟುಗಳನ್ನೆಲ್ಲ ಹಾಕಿದ. ಸಾಲಲಿಲ್ಲ.

ದೊಡ್ಡಕ್ಕನ ನಗು ಮಾತ್ರ ನಿಂತುಹೋಗಿತ್ತು. "ಯಜಮಾನ್ರೇ, ನಾಳೆ ನೀವು ಸಕಲ ಸಾಮಾನು ಅಂತ ಕೂಗಿ, ಅವರು ಹೂಂ ಅಂದುಬಿಟ್ರೆ ಕಡ್ಡಿ ಅರ್ಧಪಟ್ಟು ದುಬಾರಿ ಆಗುತ್ತೆ. ಈಗಲೇ ನಮ್ಮ ಕೊಡೆ ಬೆಲೆ ಜಾಸ್ತಿ ಅಂತಾರೆ. ಆಮೇಲೆ ಕೊಳ್ಳೋರು ಯಾರು? ನಮ್ಮನ್ನ ಉಳಿಸೋಕೆ ಹೋಗಿ ನೀವೇ ನಮ್ಮನ್ನ ಮನೆಗೆ ಕಳಿಸ್ತಿದ್ರಿ! ಈ 'ಸಕಲ ಸಾಮಾನು' ಅನ್ನೋ ಮಾತು ನಿಮಗೆ ಯಾರು ಹೇಳಿಕೊಟ್ಟಿದ್ದು?"

"ಅಧ್ಯಕ್ಷರು."

"ಅವರು ಹೊಸದಾಗಿ ಹಾಕಿರೋ ಕಾರ್ಖಾನೆಯಲ್ಲಿ ಏನು ಮಾಡ್ತಾರೆ?"

"ತಂತಿ ಎಳೀತಾರೆ. ತಂತಿಯಿಂದ..." ಗುಡುಗಪ್ಪ ಅಲ್ಲಿಗೇ ನಿಂತ. "ತಂತಿಯಿಂದ ಕಡ್ಡಿ ಮಾಡ್ತಾರೆ."

"ಹೊರಗಿನ ಕಡ್ಡಿ ದುಬಾರಿ ಆದ್ರೆ ಇಡೀ ಊರು ಯಾರ ಬಾಗಿಲಿಗೆ ಹೋಗಬೇಕು? ಅವರು ಹೇಳಿದ ಬೆಲೆಗೇ ಕೊಳ್ಳಬೇಕು!" ದೊಡ್ಡಕ್ಕ ಎದ್ದು ನಿಂತಳು. ಕೈಯಲ್ಲಿದ್ದ ಟೀ ತುಳುಕಿತು. "ನಮ್ಮ ಹೊಟ್ಟೆ ತೋರಿಸಿ ತಮ್ಮ ಹೊಟ್ಟೆ ತುಂಬಿಸಿಕೊಳ್ಳೋರು! ನಮ್ಮ ಕಣ್ಣೀರು ಬೇಕು, ನಿಮ್ಮ ಗಂಟಲು ಬೇಕು, ದೇಶದ ಹೆಸರು ಬೇಕು. ಲಾಭ ಮಾತ್ರ ಅವರೊಬ್ಬರಿಗೇ. ಕಾರಲ್ಲಿ ಬಂದು, ನನ್ನ ಮುಂದೆಯೇ ಕೂತು, 'ನಿಮ್ಮ ಕೆಲಸ ಉಳಿಸ್ತೀವಮ್ಮಾ' ಅಂದ್ರಲ್ಲ, ಆ ಬಾಯಿಗೆ ನಾಚಿಕೆ ಅನ್ನೋದೇ ಇಲ್ವಾ?"

ಗುಡುಗಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಬೇರೆ ಯಾವುದೋ ಬಣ್ಣಕ್ಕೆ ತಿರುಗಿತು. ಗಿಣಿಯ ಮೂಗಿನ ಕೆಳಗಿನ ಮೀಸೆ ಕಿತ್ತು ಮೇಜಿನ ಮೇಲಿಟ್ಟ. "ಕನ್ನಡಕ ಕೊಡು. ನಾಳೆ ನನಗೆ ಬೇಕು," ಅಂದ.

ಮರುದಿನ ಸಭಾಂಗಣ ತುಂಬಿತ್ತು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಗುಡುಗಪ್ಪ ಮೈಕು ಪಕ್ಕಕ್ಕೆ ಸರಿಸಿದ. ಅವನಿಗೆ ಅದು ಬೇಕಿರಲಿಲ್ಲ.

"ಸ್ವಾಮಿ, ನಾನೊಂದು ಭಾಷಣ ಕಲಿತಿದ್ದೆ. ಅದು ಬೇರೆಯವರದ್ದು ಅಂತ ನಿನ್ನೆ ಗೊತ್ತಾಯಿತು, ವಾಪಸ್ ಕೊಡ್ತಿದ್ದೀನಿ. ಸಿದ್ಧವಾಗಿ ಬರೋ ಕೊಡೆ ಮೇಲೆ ಸುಂಕ ಹಾಕೋದಾದ್ರೆ ಎಷ್ಟು, ಎಷ್ಟು ವರ್ಷ ಅಂತ ಬಾಯಿಬಿಟ್ಟು ಹೇಳಿ. ಆ ದುಡ್ಡು ಹೊರದೇಶದಿಂದ ಬರಲ್ಲ, ಹೆಚ್ಚಿನದು ಮಳೇಲಿ ನೆನೆಯೋ ನಮ್ಮ ಗಿರಾಕಿ ಜೇಬಿಂದಲೇ ಬರುತ್ತೆ. ಅದನ್ನೂ ಅವರಿಗೆ ಹೇಳಿ. ಕೆಲಸ ಕಳೆದುಕೊಂಡ ಹೊಲಿಗೆಯವರಿಗೆ ಅದರಲ್ಲಿ ಎಷ್ಟು ಕೊಡ್ತೀರಿ ಅಂತ ನಮಗೆ ಹೇಳಿ. ಕಡ್ಡಿ ಮಾತ್ರ ಮುಟ್ಟಬೇಡಿ. ಕಡ್ಡಿ ಮುರಿದ್ರೆ ನಮ್ಮ ಬೆನ್ನು ಮುರಿಯುತ್ತೆ!"

ಅಧ್ಯಕ್ಷರು ಎದ್ದು, "ಇವರಿಗೆ ಮೈ ಹುಷಾರಿಲ್ಲ, ಏನೇನೋ ಮಾತಾಡ್ತಿದ್ದಾರೆ," ಅಂದರು.

ಗುಡುಗಪ್ಪ ಸಭೆಯ ಕಡೆ ತಿರುಗಿದ. "ಇಲ್ಲಿ ಕಡ್ಡಿ ಕೊಳ್ಳೋರು ಕೈ ಎತ್ತಿ!"

ಸಣ್ಣ ಅಂಗಡಿಯವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ದೊಡ್ಡಕ್ಕನ ಕೈ ಮೊದಲು ಮೇಲಕ್ಕೆ ಹೋಯಿತು. ಆಮೇಲೆ ಸಭಾಂಗಣ ಪೂರ್ತಿ ಕೈಗಳೇ.

"ಈಗ ಕಡ್ಡಿ ಮಾರೋರು ಕೈ ಎತ್ತಿ!"

ಯಾರೂ ಎತ್ತಲಿಲ್ಲ. ಎಲ್ಲರ ಕಣ್ಣೂ ಮುಂದಿನ ಸಾಲಿನ ಒಂದೇ ಕುರ್ಚಿಯ ಮೇಲಿತ್ತು.

ಕಡ್ಡಿಯ ಮೇಲಿನ ಸುಂಕದ ಪ್ರಸ್ತಾಪವನ್ನು ಸಮಿತಿ ಕೈಬಿಟ್ಟಿತು. ಸಿದ್ಧ ಕೊಡೆಯ ಬಗ್ಗೆ ವಾದ ಇನ್ನೂ ನಡೆಯುತ್ತಿದೆ. ನಡೆಯಲಿ, ವಾದ ಆಗಬೇಕಾದ ವಿಷಯವೇ ಅದು. ದೊಡ್ಡಕ್ಕ ಮತ್ತು ಅವಳ ಜೊತೆಯವರು ಈ ಮಳೆಗಾಲವೂ ಹೊಲಿಯುತ್ತಿದ್ದಾರೆ. ಹೋದ ಇಬ್ಬರು ಇನ್ನೂ ವಾಪಸ್ ಬಂದಿಲ್ಲ. ಅವರಿಗೇನು ದಾರಿ ಎಂದು ಗುಡುಗಪ್ಪ ಸಿಕ್ಕ ಸಿಕ್ಕ ಅಧಿಕಾರಿಯನ್ನೆಲ್ಲ ನಿಲ್ಲಿಸಿ ಕೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿಗೂ ಇಂಥ ಮಾತು ಬರುತ್ತದೆ. "ಸುಂಕ ಹಾಕೋಣ, ಹೊರಗಿನವರು ಕಟ್ಟುತ್ತಾರೆ" ಎಂದು ಯಾರಾದರೂ ಮೇಜು ಗುದ್ದಿದರೆ ಚಪ್ಪಾಳೆಗೆ ಎತ್ತಿದ ಕೈಯನ್ನು ಒಂದು ಗಳಿಗೆ ತಡೆದುಕೊಳ್ಳಿ. ಕಟ್ಟುವವರು ಯಾರು, ಗಳಿಸುವವರು ಯಾರು ಎಂದು ಕೇಳಿ. "ಬಾಗಿಲು ಪೂರ್ತಿ ತೆರೆದುಬಿಡೋಣ, ಎಲ್ಲರಿಗೂ ಲಾಭ" ಎಂದವರನ್ನೂ ಬಿಡಬೇಡಿ. ಕೆಲಸ ಹೋದವರ ಗತಿ ಏನು ಎಂದು ಅವರನ್ನೂ ಕೇಳಿ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ, ನೀವು ಮಾಡುವ ವಸ್ತುವಿನೊಳಗೆ ಏನೇನು ಎಲ್ಲೆಲ್ಲಿಂದ ಬರುತ್ತದೆ ಎಂದು ಕೂತು ಮಾತಾಡಿ. ನಿಮ್ಮ ಸಿಟ್ಟು ನಿಮ್ಮದು, ಅದನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬೇಡಿ.

ಇಷ್ಟು ದಿನ ಹೀಗೆ ಕೇಳಲಿಲ್ಲವಲ್ಲ ಎಂದು ನಾಚಿಕೆಯಾದರೆ ಗುಡುಗಪ್ಪನ ಅಂಗಡಿಗೆ ಹೋಗಿ. ತಾನು ಬೇಸ್ತು ಬಿದ್ದ ಕಥೆಯನ್ನು ಅವನೇ ಎದ್ದು ನಿಂತು ಆಡಿ ತೋರಿಸುತ್ತಾನೆ. ಕೇಳಿದವರೆಲ್ಲ ನಗುತ್ತಾರೆ. ಎದುರು ಮನೆಯ ಗಾಜು ಅದುರುವುದು ಮಾತ್ರ ಅವನ ನಗುವಿಗೇ.