ಎಡಗಾಲಿನ ಕಂಪನಿ

ನಮ್ಮ ಬೂಟಿನ ಕಾರ್ಖಾನೆಯನ್ನು ಸರ್ಕಾರ ಒಡೆದು ಎರಡು ಮಾಡಿದ ದಿನವೇ ನನ್ನ ಗಂಡ ನನ್ನೊಡನೆ ಮಾತು ಬಿಟ್ಟರು. ಜಗಳವಾಡಿ ಬಿಟ್ಟಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರೇ ಹೇಳಿದ್ದಾರೆ. ಇವರು ಕಾಯ್ದೆ ಪ್ರಕಾರ ಬಿಟ್ಟರು. ಕಾಯ್ದೆ ಉಣ್ಣುವುದೂ ಇಲ್ಲ, ಮಲಗುವುದೂ ಇಲ್ಲ.

ಮೊದಲು ಕಾರ್ಖಾನೆಯ ವಿಷಯ ಹೇಳಿಬಿಡುತ್ತೇನೆ. ಅಂಗಳದ ಆ ಕಡೆಗೊಂದು ಕಟ್ಟಡ, ಈ ಕಡೆಗೊಂದು ಕಟ್ಟಡ, ನಡುವೆ ತಗಡಿನ ಶೆಡ್ಡು. ಒಂದು ಕಟ್ಟಡದಲ್ಲಿ ಎಡಗಾಲಿನ ಬೂಟು ಮಾತ್ರ ಆಗುತ್ತಿತ್ತು, ಇನ್ನೊಂದರಲ್ಲಿ ಬಲಗಾಲಿನದು ಮಾತ್ರ. ಶೆಡ್ಡಿನಲ್ಲಿ ಎರಡನ್ನೂ ಜೋಡಿ ಮಾಡಿ ಡಬ್ಬಕ್ಕೆ ತುಂಬುತ್ತಿದ್ದರು. ಕೇಳಿದವರು ನಗುತ್ತಾರೆ. ಆದರೆ ಈ ಏರ್ಪಾಟು ಮಾಡಿದ ಮೊಟ್ಟಮೊದಲ ಮ್ಯಾನೇಜರು ಪೆದ್ದನಲ್ಲ. ಆ ಕಾಲದಲ್ಲಿ ಬೂಟುಗಳು ಡಬ್ಬ ಸೇರುವ ಮೊದಲೇ ಗೋಡೆ ಹಾರಿ ಹೋಗುತ್ತಿದ್ದವಂತೆ. ಒಂಟಿ ಬೂಟು ಕದ್ದು ಯಾರು ಏನು ಮಾಡುತ್ತಾರೆ? ಕಳ್ಳತನ ನಿಂತೇ ಹೋಯಿತು. ನಾನು ಎಡಗಾಲಿನ ಕಟ್ಟಡದಲ್ಲಿ ಹೊಲಿಗೆಯ ಮೇಲ್ವಿಚಾರಕಿ, ಇವರು ಬಲಗಾಲಿನ ಕಟ್ಟಡದಲ್ಲಿ ಅಚ್ಚಿನ ಮೇಸ್ತ್ರಿ. ನಮ್ಮ ಮದುವೆಯಾದದ್ದೇ ತಡ, ಗೇಟಿನ ಕಾವಲುಗಾರ ನಮ್ಮಿಬ್ಬರ ಚೀಲವನ್ನೂ ಒಟ್ಟಿಗೆ ತಡಕಲು ಶುರುಮಾಡಿದ. ಇಡೀ ಕಾರ್ಖಾನೆಯಲ್ಲಿ ಪೂರ್ತಿ ಬೂಟು ಕದಿಯಬಲ್ಲವರು ನಾವಿಬ್ಬರೇ ಎಂದು ಅವನ ಲೆಕ್ಕಾಚಾರ.

ಹೀಗಿರುವಾಗ ರಾಜಧಾನಿಯಲ್ಲಿ ಸುಧಾರಣಾ ಆಯೋಗ ಎಂಬುದು ಹುಟ್ಟಿತು. ಮಾರುವವನು ಒಬ್ಬನೇ ಆದರೆ ಅವನು ಹೇಳಿದ್ದೇ ಬೆಲೆ, ಕೊಟ್ಟಿದ್ದೇ ಮಾಲು. ಇಬ್ಬರಾದರೆ ಪೈಪೋಟಿ ಬಿದ್ದು ಬೆಲೆ ಇಳಿಯುತ್ತದೆ, ಮಾಲು ಸುಧಾರಿಸುತ್ತದೆ ಎಂದು ಆಯೋಗ ಹೇಳಿತು. ಮಾತು ಸರಿಯಾಗಿಯೇ ಇತ್ತು. ಆದ್ದರಿಂದ ಎರಡು ಘಟಕವಿರುವ ಸರ್ಕಾರಿ ಕಾರ್ಖಾನೆಗಳನ್ನೆಲ್ಲ ಎರಡು ಕಂಪನಿ ಮಾಡಬೇಕೆಂದು ಆಜ್ಞೆಯಾಯಿತು. ಅವರ ಕಾಗದದಲ್ಲಿ ನಮ್ಮ ಹೆಸರಿನ ಮುಂದೆ ಘಟಕ ಒಂದು, ಘಟಕ ಎರಡು ಎಂದಿತ್ತು. ಯಾವ ಘಟಕ ಯಾವ ಕಾಲಿನದು ಎಂದು ಬರೆಯಲು ಜಾಗವಿರಲಿಲ್ಲ.

ನಮ್ಮವರಲ್ಲಿ ಯಾರೂ ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಯಾಕೆ ಹೇಳುತ್ತಾರೆ? ಮ್ಯಾನೇಜರೂ ಉಪಮ್ಯಾನೇಜರೂ ಷಡ್ಡಕರು. ಒಂದೇ ಕುರ್ಚಿಯ ಮೇಲೆ ಇಬ್ಬರಿಗೂ ಕಣ್ಣಿದ್ದು, ಅವರ ಹೆಂಡಂದಿರಾದ ಅಕ್ಕತಂಗಿಯರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಈಗ ಎರಡು ಕುರ್ಚಿ, ಎರಡು ಕಾರು. ಕಾರ್ಮಿಕ ಸಂಘಕ್ಕೆ ಇಬ್ಬರು ಕಾರ್ಯದರ್ಶಿಗಳು. ಕ್ಯಾಂಟೀನು ಕೂಡ ಎರಡಾಗಿ, ಸಪ್ಪೆ ಚಹಾ ಎರಡು ಕಡೆ ಸಿಗತೊಡಗಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಎಲ್ಲರೂ ಬಾಯಿ ಮುಚ್ಚಿದರು. ನಾನೊಬ್ಬಳು ಮ್ಯಾನೇಜರ ಹತ್ತಿರ ಹೋಗಿ ಕೇಳಿದೆ.

"ಸಾರ್, ನಾವು ಮಾಡೋದು ಎಡಗಾಲಿಂದು ಮಾತ್ರ ಅಂತ ಅವರಿಗೆ ಒಂದು ಮಾತು ತಿಳಿಸೋದು ಬೇಡ್ವಾ?"

"ಅಷ್ಟು ದೊಡ್ಡೋರು ಯೋಚನೆ ಮಾಡದೆ ಮಾಡ್ತಾರೇನಮ್ಮ? ಸುಮ್ನಿರು. ಹೋಗು, ಮೆಷಿನ್ ನೋಡ್ಕೋ."

ಎರಡು ಕಟ್ಟಡಗಳ ನಡುವೆ ಗೋಡೆ ಎದ್ದಿತು. ಶೆಡ್ಡಿಗೆ ಬೀಗ ಬಿತ್ತು.

ಇನ್ನು ನನ್ನ ಗಂಡ. ಇವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಾಯ್ದೆಪ್ಪ ಎಂದೇ ಕರೆಯುವುದು. ಹುಲ್ಲಿನ ಮೇಲೆ ನಡೆಯಬೇಡಿ ಎಂದು ಬೋರ್ಡಿದ್ದರೆ, ಹುಲ್ಲು ಒಣಗಿ ಮಣ್ಣಾದ ಮೇಲೂ ಸುತ್ತು ಹಾಕಿಕೊಂಡು ಹೋಗುವ ಪೈಕಿ. ಇಂಥವರನ್ನು ಹುಡುಕಿ ಬಲಗಾಲಿನ ಕಂಪನಿಯವರು ಸ್ಪರ್ಧಾ ಪಾಲನಾಧಿಕಾರಿ ಮಾಡಿದರು. ಎದುರಾಳಿ ಕಂಪನಿಯವರ ಜೊತೆ ಬೆಲೆ, ಅಳತೆ, ಬಣ್ಣ, ಆಕಾರ ಯಾವುದನ್ನೂ ಮಾತಾಡಿಕೊಳ್ಳುವಂತಿಲ್ಲ, ಮಾತಾಡಿಕೊಂಡರೆ ಒಳಸಂಚು ಎಂಬುದು ಹೊಸ ಕಾಯ್ದೆ. ಅದನ್ನು ಕಾಯುವುದೇ ಇವರ ಕೆಲಸ. ಪ್ರಮಾಣ ಮಾಡಿ, ಸಹಿ ಹಾಕಿ ಮನೆಗೆ ಬಂದರು. ನಾನು ಎಂದಿನಂತೆ ಒಲೆಯ ಮುಂದೆ ನಿಂತು ಕೇಳಿದೆ.

"ರೀ, ಹೊಸ ಮಾಲಿಗೆ ಮೂತಿ ಚೂಪು ಮಾಡ್ತೀರೋ, ದುಂಡಗೋ?"

"ಪ್ರತಿಸ್ಪರ್ಧಿಗಳ ಜೊತೆ ಆಕಾರದ ವಿಷಯ ಮಾತಾಡೋ ಹಾಗಿಲ್ಲ."

"ಯಾರ್ರೀ ಪ್ರತಿಸ್ಪರ್ಧಿ?"

"ನೀನು."

ನಮ್ಮಿಬ್ಬರಿಗೂ ಬೂಟು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಮದುವೆಗೆ ಮುಂಚೆ ಮೊದಲ ಸಲ ಮಾತಾಡಿದ್ದೂ ಅಂಟಿನ ವಾಸನೆಯ ಬಗ್ಗೆಯೇ. ಈಗ ಮನೆಯಲ್ಲಿ ಉಪ್ಪು ಕೊಡು, ನೀರು ಕೊಡು ಅಷ್ಟೇ ಉಳಿಯಿತು. ಅದನ್ನೂ ಇವರು ತಮ್ಮ ಅಮ್ಮನ ಕಡೆ ನೋಡಿಕೊಂಡು ಹೇಳುತ್ತಿದ್ದರು. ನಮ್ಮತ್ತೆ ಒಂದು ವಾರ ಸಹಿಸಿದರು.

"ನಿಮ್ಮ ನಡುವೆ ಮಾತು ಸಾಗಿಸಿ ಸಾಗಿಸಿ ನನ್ನ ದವಡೆ ನೋಯ್ತಿದೆ ಕಣಮ್ಮ," ಎಂದು ನನ್ನ ಮುಂದೆ ಗೊಣಗಿದರು. "ಅವನಪ್ಪ ಕುಡಿತಿದ್ದ. ಅದಾದ್ರೂ ಬೆಳಿಗ್ಗೆ ಇಳಿತಿತ್ತು."

ಮೊದಲೇ ಜೋಡಿ ಮಾಡಿಟ್ಟಿದ್ದ ಹಳೆಯ ಮಾಲು ಮುಗಿಯುವ ತನಕ ಕಂಪನಿಗಳು ಹೇಗೋ ನಡೆದವು. ಆಮೇಲೆ ಪೈಪೋಟಿ ನಿಜವಾಗಿ ಶುರುವಾಯಿತು. ನಮ್ಮವರು ಚೂಪು ಮೂತಿಯ ಕಂದು ಬೂಟು ತಂದರು, ಅವರು ದುಂಡು ಮೂತಿಯ ಕಪ್ಪು ಬೂಟಿಗೆ ಬಕಲ್ ಹಾಕಿದರು. ನಾವು ಬೆಲೆ ಇಳಿಸಿದೆವು. ಜನ ಬಂದು ನಮ್ಮ ಅಂಗಡಿಯಲ್ಲಿ ಎಡಗಾಲಿನದು ಕೊಂಡು, ರಸ್ತೆ ದಾಟಿ ಅವರ ಅಂಗಡಿಗೆ ಹೋಗಿ, ಅಲ್ಲಿಯ ಮಾಲು ನೋಡಿ, ಮತ್ತೆ ರಸ್ತೆ ದಾಟಿ ಬಂದು ಬೈದು, ವಾಪಸ್ ಕೊಟ್ಟು ಹೋಗುತ್ತಿದ್ದರು. ಗಿರಾಕಿಗಳು ಕಡಿಮೆಯಾದರು. ವರ್ಷದ ಕೊನೆಗೆ ಆಯೋಗದಿಂದ ಓಲೆ ಬಂತು: ಎರಡರಲ್ಲಿ ಸೋತ ಕಂಪನಿಯನ್ನು ಮುಚ್ಚಲಾಗುವುದು. ಒಂದು ಮುಚ್ಚಿದರೆ ಇನ್ನೊಂದು ಯಾರಿಗೆ ಮಾರೀತು ಎಂದು ಅವರು ಯೋಚಿಸಿದಂತಿರಲಿಲ್ಲ. ನಮ್ಮ ಮನೆಗೆ ಬರುವ ಎರಡು ಸಂಬಳವೂ ಆ ಎರಡು ಗೇಟಿನಿಂದಲೇ ಬರಬೇಕು. ನನಗೆ ಅನ್ನ ಇಳಿಯದಾಯಿತು.

ಆಗ ಅಗ್ನಿಶಾಮಕ ದಳದವರಿಗೆ ಬೂಟು ಬೇಕಾಯಿತು. ರಾಜ್ಯಕ್ಕೆಲ್ಲ ಸೇರಿ ಭಾರಿ ಆರ್ಡರು. ಎಡಗಾಲಿನದು ನಮಗೆ, ಬಲಗಾಲಿನದು ಅವರಿಗೆ ಎಂದು ಹಂಚಿ ಕಳಿಸಿದ್ದರು. ಅಲ್ಲಿ ಯಾರೋ ಬುದ್ಧಿವಂತರಿದ್ದಿರಬೇಕು. ಆದರೆ ಗಟ್ಟಿ ಕಪ್ಪು ಬೂಟು ಎಂದು ಬರೆದಿದ್ದರೇ ಹೊರತು ಹಿಮ್ಮಡಿ ಎಷ್ಟೆತ್ತರ, ಮೂತಿ ಹೇಗೆ ಎಂದು ಬರೆದಿರಲಿಲ್ಲ. ಈ ಆರ್ಡರು ಸರಿಹೋದರೆ ಎರಡೂ ಕಂಪನಿ ಉಳಿಯುತ್ತವೆ. ತಪ್ಪಿದರೆ ಬೆಂಕಿ ಆರಿಸುವವರು ಕುಂಟುತ್ತಾ ಓಡುತ್ತಾರೆ, ನಾವು ಮನೆಯಲ್ಲಿ ಕೂರುತ್ತೇವೆ.

"ರೀ, ಹಿಮ್ಮಡಿ ಎತ್ತರ ಒಂದು ಹೇಳಿ ಸಾಕು. ಬೇರೇನೂ ಕೇಳಲ್ಲ," ಎಂದು ಅಂಗಲಾಚಿದೆ.

"ಆಗಲ್ಲ."

"ನಿಮ್ಮ ಕಂಪನೀನೂ ಮುಳುಗುತ್ತೆ, ಗೊತ್ತಾ?"

"ಗೊತ್ತು. ಪ್ರಮಾಣ ಮಾಡಿದ್ದೀನಿ."

ಅಂಥ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ತಟ್ಟೆಯನ್ನು ಸದ್ದಾಗುವಂತೆ ಇಟ್ಟೆ. ಕಲ್ಲಿಗಾದರೂ ನೀರು ಹೊಯ್ದರೆ ಒದ್ದೆಯಾಗುತ್ತದೆ, ಈ ಮನುಷ್ಯ ಅದೂ ಇಲ್ಲ ಎಂದುಕೊಂಡೆ.

ಮರುದಿನ ಸಂಜೆ ಇವರು ಮನೆಗೆ ಬಂದದ್ದು ಬಲಗಾಲಿಗೆ ಹೊಸ ಕಪ್ಪು ಬೂಟು, ಎಡಗಾಲಿಗೆ ಹಳೆಯ ಹವಾಯಿ ಚಪ್ಪಲಿ ಹಾಕಿಕೊಂಡು. ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ, ಟಕ್ ಚಪ್, ಟಕ್ ಚಪ್ ಎಂದು ಓಡಾಡತೊಡಗಿದರು.

"ಏನೋ ಇದು ವೇಷ?" ಎಂದರು ಅತ್ತೆ.

"ಮಾದರಿ ಮಾಲನ್ನ ನಡೆದು ಪರೀಕ್ಷೆ ಮಾಡ್ಬೇಕಮ್ಮ. ನಿಯಮ ಇದೆ."

ಆಮೇಲೆ ನಾನು ಕೂತಿದ್ದಲ್ಲಿಗೆ ಬಂದು, ಎದುರಿಗೆ ಸ್ಟೂಲು ಎಳೆದು ಕೂತು, ಬೂಟಿನ ಕಾಲನ್ನು ನೇರ ನನ್ನ ಮಡಿಲಿಗೆ ಇಟ್ಟರು.

"ಕಾಲು ನೋಯ್ತಿದೆ. ಸ್ವಲ್ಪ ಒತ್ತು."

ಮೈ ಉರಿದುಹೋಯಿತು. "ಮೊದಲು ಬೂಟು ಬಿಚ್ಚಿ!"

"ಬಿಚ್ಚಲ್ಲ. ಹೀಗೇ ಒತ್ತು."

"ಇದು ಯಾವ ಕಾಯ್ದೇಲಿದೆ?"

"ಹೆಂಡತಿ ಗಂಡನ ಕಾಲು ಒತ್ತಬಾರದು ಅಂತ ಯಾವ ಕಾಯ್ದೇಲೂ ಇಲ್ಲ," ಎಂದು ಇವರು ಸೂರಿನ ಕಡೆ ನೋಡುತ್ತಾ ಹೇಳಿದರು. "ಎಲ್ಲಾ ಓದಿ ನೋಡಿದ್ದೀನಿ. ಹಿಮ್ಮಡಿ ಹತ್ರ ನೋವು ಜಾಸ್ತಿ."

ನನಗೆ ಆಗ ಅರ್ಥವಾಯಿತು. ಹಿಮ್ಮಡಿಗೆ ಬೆರಳಿಟ್ಟೆ: ಎರಡು ಬೆರಳು, ಮೇಲೆ ಅರ್ಧ ಉಗುರು. ಮೂತಿಯನ್ನು ಅಂಗೈಯಲ್ಲಿ ಹಿಡಿದೆ: ದುಂಡಗೆ. ಹೊಲಿಗೆ ಎರಡು ಸಾಲು. ನಾನು ಒತ್ತಿದ್ದಷ್ಟೂ ಹೊತ್ತು ಇವರು ಸೂರಿನಿಂದ ಕಣ್ಣು ಇಳಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಪ್ರಮಾಣ ಅಲ್ಲಾಡಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಅತ್ತೆ ಎದುರಿಗಿಲ್ಲದಿದ್ದರೆ ಬೂಟಿಗೇ ಮುತ್ತು ಕೊಟ್ಟುಬಿಡುತ್ತಿದ್ದೆ.

"ಬೂಟು ಕಾಲು ಒತ್ತಿಸ್ಕೊಳ್ಳೋ ಮಗನ್ನ ಹೆತ್ತೆನಲ್ಲಪ್ಪಾ," ಎಂದು ಅತ್ತೆ ಎದ್ದು ಹೋದರು.

ಆ ಅಳತೆಗೇ ನಾನು ಎಡಗಾಲಿನದು ಮಾಡಿಸಿದೆ. ಬೂಟುಗಳು ಹೋದವು, ಅಗ್ನಿಶಾಮಕ ದಳದವರು ಮೆಚ್ಚಿ ಪತ್ರ ಬರೆದರು. ಎಡವಟ್ಟಾದದ್ದೇ ಅಲ್ಲಿ. ಆ ಪತ್ರದ ಒಂದು ಪ್ರತಿ ಆಯೋಗಕ್ಕೂ ಹೋಗಿ, ಎರಡು ಎದುರಾಳಿ ಕಂಪನಿಗಳ ಮಾಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದ್ದು ಹೇಗೆ ಎಂದು ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಮೃದು ಮಾತಿನ ಯುವಕ. ಮೇಜಿನ ಮೇಲೆ ಎರಡು ಬೂಟು ಇಟ್ಟುಕೊಂಡು, ಷಡ್ಡಕರಿಬ್ಬರನ್ನೂ, ಗಂಡ ಒಂದು ಕಂಪನಿ ಹೆಂಡತಿ ಇನ್ನೊಂದು ಕಂಪನಿ ಎಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿದರು.

"ಇದು ಒಳಸಂಚಲ್ಲದೆ ಸಾಧ್ಯ ಇಲ್ಲ. ಇದು ಯಾರ ಕಂಪನೀದು?"

"ನಮ್ದು ಸಾರ್, ಎಡಗಾಲಿಂದು," ಎಂದರು ನಮ್ಮ ಮ್ಯಾನೇಜರು.

"ನಿಮ್ಮ ಬಲಗಾಲಿಂದು ಎಲ್ಲಿ?"

"ನಾವು ಬಲಗಾಲಿಂದು ಮಾಡಲ್ಲ ಸಾರ್. ಅವರು ಮಾಡ್ತಾರೆ."

"ಅವರ ಎಡಗಾಲಿಂದು?"

"ಅವರು ಮಾಡಲ್ಲ ಸಾರ್. ನಾವು ಮಾಡ್ತೀವಿ."

ಅಧಿಕಾರಿ ಎರಡು ಬೂಟುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಮೊದಲು ಯಾರೂ ಕೇಳಲಿಲ್ಲ ಸಾರ್."

"ಮತ್ತೆ ಸೇರಿಸಿಬಿಡೋಣ ಅಂದ್ರೆ ಈಗ ಆಗಲ್ಲ," ಎಂದರು ಆತ, ಅಳುವ ದನಿಯಲ್ಲಿ. "ಆಯೋಗದ ಮೊದಲ ಯಶಸ್ಸು ಅಂತ ನಿಮ್ಮನ್ನೇ ತೋರಿಸಿದ್ದೀವಿ. ವಿದೇಶದಿಂದ ನೋಡೋಕೆ ಬರ್ತಾರೆ. ತಪ್ಪು ನಡೆದಿದ್ರೆ ತಪ್ಪಿತಸ್ಥ ಅಂತ ಒಬ್ಬರಾದ್ರೂ ಬೇಕು. ಇಲ್ಲಾಂದ್ರೆ ಎರಡೂ ಕಂಪನಿ ರದ್ದು ಮಾಡಬೇಕಾಗುತ್ತೆ."

ಷಡ್ಡಕರು ಬಹುಕಾಲದ ನಂತರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಂಡ ಎದ್ದು ನಿಂತರು.

"ನಾನು ಕಾಲು ಒತ್ತಿಸ್ಕೊಂಡೆ ಸಾರ್."

"ಏನು?"

"ಬೂಟು ಹಾಕ್ಕೊಂಡು ಹೆಂಡತಿ ಹತ್ರ ಕಾಲು ಒತ್ತಿಸ್ಕೊಂಡೆ. ಕಾಯ್ದೆ ಮೀರಿಲ್ಲ. ಆದ್ರೆ ಕಾಯ್ದೆಯ ಉದ್ದೇಶಕ್ಕೆ ಭಂಗ ತಂದ ಅಧಿಕಾರಿ ಹುದ್ದೇಲಿ ಇರಬಾರದು ಅಂತಲೂ ಅದರಲ್ಲೇ ಇದೆ. ರಾಜೀನಾಮೆ ಕೊಡ್ತೀನಿ."

"ನಾನೂ ಒತ್ತಿದೆ ಸಾರ್," ಎಂದು ನಾನೂ ಎದ್ದೆ.

"ನೀನು ಕೂತ್ಕೋ," ಎಂದರು ಇವರು. "ನಿನ್ನ ಹುದ್ದೆಗೆ ಪ್ರಮಾಣವಚನ ಇಲ್ಲ."

ಹೀಗೆ ಎರಡೂ ಕಂಪನಿ ಉಳಿದವು, ನನ್ನ ಗಂಡನ ಕೆಲಸ ಹೋಯಿತು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಒಂದೇ ಸಂಬಳದ ಚಿಂತೆ. ಇವರು ಹೊಸ್ತಿಲು ದಾಟುವ ಮೊದಲೇ ಬಾಯಿ ತೆರೆದರು. ನಮ್ಮ ಕಂಪನಿಯ ಅಂಟು ಯಾಕೆ ಬಿಡುತ್ತದೆ, ಚೂಪು ಮೂತಿ ಎಂಥ ಮೂರ್ಖತನ, ಅವರ ಬಕಲ್ ಹೇಗೆ ತುಕ್ಕು ಹಿಡಿಯುತ್ತದೆ, ಒಂದು ವರ್ಷದಿಂದ ಹೊಟ್ಟೆಯಲ್ಲಿ ಕೂಡಿಟ್ಟದ್ದೆಲ್ಲ ಹೊರಬಂತು. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು ನಗುತ್ತಾ ಕೂತರು.

ಸ್ವಲ್ಪ ದಿನಕ್ಕೆ ಗಣಿಯವರಿಂದ ಆರ್ಡರು ಬಂತು. ಷಡ್ಡಕರು ಒಬ್ಬರಿಗೊಬ್ಬರು ತಿಳಿಯದಂತೆ ಇವರಿಗೆ ಹೇಳಿ ಕಳಿಸಿದರು. ಇವರು ಕಾಯ್ದೆಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಯಾವ ಕಂಪನಿಯವನೂ ಅಲ್ಲದವನು ಎರಡೂ ಕಂಪನಿಯವರ ಜೊತೆ ಮಾತಾಡಬಾರದು ಎಂದು ಎಲ್ಲೂ ಇರಲಿಲ್ಲ. ಸ್ವತಂತ್ರ ಸಲಹೆಗಾರ ಎಂದು ಬೋರ್ಡು ಬರೆಸಿದರು. ಸೇವಾ ವಲಯದಲ್ಲಿ ಹೊಸ ಉದ್ಯೋಗ ಸೃಷ್ಟಿಯಾಗಿದೆ ಎಂದು ಆಯೋಗ ಅದನ್ನೂ ತನ್ನ ಸಾಧನೆಗೆ ಸೇರಿಸಿಕೊಂಡಿತು.

ಮೊದಲ ದಿನ ಬೆಳಿಗ್ಗೆಯೇ ಇವರು ನನ್ನ ವಿಭಾಗಕ್ಕೆ ಬಂದು, ಒಂದು ಬೂಟು ಎತ್ತಿ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಹೊಲಿಗೆ ಯಾರು ಹಾಕಿದ್ದು? ಮೂರು ತಪ್ಪಿದೆ."

ಮೆಷಿನ್ನುಗಳೆಲ್ಲ ನಿಂತವು.

"ನಾನೇ ಹಾಕಿದ್ದು. ನೀವ್ಯಾರ್ರೀ ಕೇಳೋಕೆ?"

"ಸಲಹೆಗಾರ."

"ನಿಮಗೆ ಸಂಬಳ ಕೊಡೋರು ಯಾರು?"

"ಅರ್ಧ ನಿಮ್ಮ ಕಂಪನಿ, ಅರ್ಧ ಅವರ ಕಂಪನಿ."

"ಹಾಗಾದ್ರೆ ನನಗೆ ಅರ್ಧ ಮಾತು ಹೇಳಿ, ಸಾಕು."

ಇವರು ಪೂರ್ತಿ ಹೇಳಿದರು. ನಾನೂ ಕೆಲಸ ಬಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, ಪೂರ್ತಿ ಕೇಳಿದೆ. ಮೂರು ತಪ್ಪುಗಳಲ್ಲಿ ಎರಡು ನಿಜವಾಗಿಯೂ ನನ್ನವೇ ಆಗಿದ್ದವು.