ಕೆಂಪಿಗೊಬ್ಬ, ಬಿಳಿಗೊಬ್ಬ

ಶ್ಯಾಮಸುಂದರನ ಸೌಟು ಮೊದಲು ಬೀಳುತ್ತಿತ್ತು, ಮಾತು ಆಮೇಲೆ. ಕುವೈತಿನ ಸಾಲ್ಮಿಯಾದ ಆ ಸ್ಪ್ಯಾನಿಷ್ ಹೋಟೆಲಿಗೆ ಅವನು ಮ್ಯಾನೇಜರಾಗಿ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಅಡುಗೆಮನೆಯ ಆರು ಜನರಲ್ಲಿ ಅವನ ಸ್ಟೀಲಿನ ಸೌಟಿನ ರುಚಿ ನೋಡದವರು ಯಾರೂ ಉಳಿದಿರಲಿಲ್ಲ. ಪಾತ್ರೆ ತೊಳೆಯುವ ಅಬ್ದುಲ್ ನಾಸಿರನ ಮೊಣಕೈ ಊದಿ ಬದನೆಕಾಯಿಯಾಗಿತ್ತು. ಮಾಲೀಕ, ಅಂದರೆ ಅವರೆಲ್ಲರ ಕಫೀಲ್, ಕೆಟ್ಟವನೇನಲ್ಲ. ಆದರೆ ಅವನು ತಿಂಗಳಿಗೊಮ್ಮೆ ಬರುವವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥದ್ದಕ್ಕೇ. ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಮುಂದುವರಿಯಬೇಕಾದರೆ ಮ್ಯಾನೇಜರು ಹೂಂ ಅನ್ನಬೇಕು, ಅನ್ನದಿದ್ದರೆ ಖಲಾಸ್. ಹಾಗಾಗಿ ಎಲ್ಲರೂ ಏಟು ನುಂಗಿಕೊಂಡು ಈರುಳ್ಳಿ ಹೆಚ್ಚುತ್ತಿದ್ದರು.

ಆ ಹೋಟೆಲಿನ ಹೆಸರು ನಿಂತಿದ್ದು ಒಂದೇ ತಿನಿಸಿನ ಮೇಲೆ. ಪಟಾಟಾಸ್ ಬ್ರಾವಾಸ್ ಅಂತ ಅದರ ಹೆಸರು. ಏನೂ ಬ್ರಹ್ಮವಿದ್ಯೆಯಲ್ಲ, ಕರಿದ ಆಲೂಗಡ್ಡೆ, ಮೇಲೊಂದು ಕೆಂಪು ಸಾಸು, ಒಂದು ಬಿಳಿ ಸಾಸು. ಸ್ಪೇನಿನಲ್ಲಿ ಹೆಂಡದ ಜೊತೆ ನಂಚಿಕೊಳ್ಳುವುದನ್ನು ಕುವೈತಿನವರು ನಿಂಬೆ ಪುದೀನ ಶರಬತ್ತಿನ ಜೊತೆ ತಿನ್ನುತ್ತಿದ್ದರು. ಆದರೆ ಮಾಡುವವನ ಕೈ ಬೇಕಲ್ಲ! ಆಲೂಗಡ್ಡೆಯನ್ನು ಚಾಕುವಿನಿಂದ ಪೂರ್ತಿ ಕೊಯ್ಯಬಾರದು, ಅರ್ಧ ಕೊಯ್ದು ಚಟಕ್ಕನೆ ಮುರಿಯಬೇಕು. ಮುರಿದ ಕಡೆಯ ತರಿಯೇ ಆಮೇಲೆ ಗರಿಗರಿಯಾಗುವುದು. ಮೊದಲು ಕಾದೂ ಕಾಯದ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿ, ಆರಲು ಬಿಟ್ಟು, ಆಮೇಲೆ ಧಗಧಗ ಕಾದ ಎಣ್ಣೆಯಲ್ಲಿ ಎರಡನೆಯ ಸಲ ಕರಿಯಬೇಕು.

ಇದನ್ನು ಮಾಡುತ್ತಿದ್ದವರು ಇಬ್ಬರು. ಒಬ್ಬ ಗದಗ ಕಡೆಯ ಬಸಲಿಂಗಯ್ಯ, ಇನ್ನೊಬ್ಬ ಕರಾವಳಿಯ ಶಿರ್ವದ ರೋಕ್. ಹನ್ನೊಂದು ವರ್ಷದಿಂದ ಒಂದೇ ಒಲೆ, ಒಂದೇ ಕೋಣೆ. ಬಸಲಿಂಗಯ್ಯನ ಕೊರಳಲ್ಲಿ ಲಿಂಗ. ಬಿಳಿ ಸಾಸಿಗೆ ಮೊಟ್ಟೆ ಒಡೆಯುವವನು, ಬೆಳ್ಳುಳ್ಳಿ ಜಜ್ಜಿ ಎಣ್ಣೆ ಹನಿಸುತ್ತ ಕಡೆಯುವವನು ಅವನೇ, ಆದರೆ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಿದವನಲ್ಲ. "ಕೈ ಮಾರೇನಿ, ಬಾಯಿ ಮಾರಿಲ್ಲ. ಹಡೆದವ್ವಗ ಮಾತು ಕೊಟ್ಟೇನಿ," ಅನ್ನುತ್ತಿದ್ದ. ಅವ್ವ ಹೊನ್ನವ್ವ ಸತ್ತು ಆರು ವರ್ಷವಾದರೂ ಮಾತು ಸತ್ತಿರಲಿಲ್ಲ. ಇತ್ತ ರೋಕನಿಗೆ ಹೊಟ್ಟೆಹುಣ್ಣು, ಖಾರ ಕಂಡರಾಗದು. ಹಾಗಾಗಿ ಬ್ಯಾಡಗಿ ಮೆಣಸಿನಕಾಯಿ ಬೆರೆಸಿದ ಕೆಂಪಿನ ರುಚಿ ನೋಡುವವನು ಬಸಲಿಂಗಯ್ಯ, ಬಿಳಿಯ ರುಚಿ ನೋಡುವವನು ರೋಕ್. ಮಧ್ಯಾಹ್ನದ ಗದ್ದಲಕ್ಕೆ ಮುಂಚೆ ಒಂದೇ ತಟ್ಟೆಯ ಆಚೆ ಬದಿ ಕೆಂಪು, ಈಚೆ ಬದಿ ಬಿಳಿ ಹಾಕಿಕೊಂಡು ಇಬ್ಬರೂ ತಿನ್ನುವಾಗ ಅವರಷ್ಟು ಸುಖಿಗಳು ಇಡೀ ಸಾಲ್ಮಿಯಾದಲ್ಲಿ ಇರಲಿಲ್ಲ.

ಆ ಸುಖಕ್ಕೆ ಕಲ್ಲು ಬಿದ್ದಿದ್ದು ಒಂದು ಜ್ವರದಿಂದ. ಹತ್ತು ದಿನ ಮಲಗಿ ಎದ್ದ ರೋಕನಿಗೆ ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ರುಚಿ ತಿಳಿಯದ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನ ಹೆಂಡತಿ ರುಮೈಥಿಯಾದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಶುಕ್ರವಾರ ಇಗರ್ಜಿಯಲ್ಲಿ ಸಿಗುವ ಎರಡು ಗಂಟೆಯೇ ಅವರ ಸಂಸಾರ. ಇವನನ್ನು ಊರಿಗೆ ಕಳಿಸಿದರೆ ಅದೂ ಹೋಯಿತು. ವಿಷಯ ಗೊತ್ತಿದ್ದವನು ಬಸಲಿಂಗಯ್ಯ ಒಬ್ಬನೇ. ಅವನು ಬಿಳಿ ಸಾಸನ್ನು ತೂಕದ ಮೇಲೆ ಮಾಡತೊಡಗಿದ. ಇಷ್ಟು ಎಣ್ಣೆಗೆ ಇಷ್ಟೇ ಗ್ರಾಂ ಉಪ್ಪು, ಒಂದು ಹರಳು ಆಚೀಚೆ ಇಲ್ಲ. ರೋಕ್ ಚಮಚ ನೆಕ್ಕಿ "ಫಸ್ಟ್ ಕ್ಲಾಸ್" ಅನ್ನುವ ನಾಟಕ ಆಡುತ್ತಿದ್ದ. ಮೂರು ವಾರ ನಡೆಯಿತು.

ಆ ದಿನ ಕಫೀಲನ ಮನೆಯವರು ಮೂವತ್ತು ಜನ ಊಟಕ್ಕೆ ಬರುವವರಿದ್ದರು. ಹನ್ನೆರಡು ಗಂಟೆಗೆ ಶ್ಯಾಮಸುಂದರ ಒಳಗೆ ಬಂದ. ಬಂದವನೇ ಬಿಳಿ ಸಾಸಿನ ಬಟ್ಟಲಿಗೆ ಬೆರಳು ಅದ್ದಿ ನೆಕ್ಕಿ, ಥೂ ಎಂದು ನೆಲಕ್ಕೆ ಉಗಿದ. ಸೌಟು ಗಾಳಿ ಸೀಳಿಕೊಂಡು ಬಂದು ಬಸಲಿಂಗಯ್ಯನ ಕೆನ್ನೆಗೆ ಬಿತ್ತು. ಒಳತುಟಿ ಹಲ್ಲಿಗೆ ಸಿಕ್ಕಿ ಹರಿದು, ಬಾಯಿ ತುಂಬ ರಕ್ತವಾಯಿತು.

"ಬರೀ ಉಪ್ಪು! ಯಾರೋ ಇದನ್ನ ಟೇಸ್ಟ್ ಮಾಡಿದ್ದು?"

ಬಸಲಿಂಗಯ್ಯನಿಗೆ ದಿಕ್ಕೇ ತೋಚಲಿಲ್ಲ. ತೂಕ ತಪ್ಪಲು ಸಾಧ್ಯವೇ ಇರಲಿಲ್ಲ. ಆದರೆ ಅರ್ಧ ಗಂಟೆಯ ಹಿಂದೆ ಎಲ್ಲರೆದುರು ಚಮಚ ನೆಕ್ಕಿ ಫಸ್ಟ್ ಕ್ಲಾಸ್ ಅಂದವನು ರೋಕ್. ಅವನೀಗ ಗೋಡೆಗೆ ಒರಗಿ ಸುಣ್ಣದಂತೆ ಬಿಳಚಿಕೊಂಡಿದ್ದ.

"ನಾ ನೋಡೇನ್ರಿ ಸರ್," ಅಂದ ಬಸಲಿಂಗಯ್ಯ.

"ನೀನಾ? ಮೊಟ್ಟೆ ತಿಂದ್ಯಾ? ಲಿಂಗ ಕಟ್ಕೊಂಡೋನು?"

"ಹೌದ್ರಿ."

"ಭೇಷ್! ಹಾಗಾದ್ರೆ ನನ್ನೆದುರಿಗೆ ಇನ್ನೊಂದ್ಸಲ ತಿನ್ನು. ಚಮಚ ಬೇಡ, ಬಟ್ಟಲೇ ಎತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಸಲಿಂಗಯ್ಯ ಬಟ್ಟಲು ಎತ್ತಿದ. "ಬೇಡ ಮಾರಾಯಾ," ಎಂದು ರೋಕ್ ಒಂದು ಹೆಜ್ಜೆ ಮುಂದೆ ಬಂದ. ಬಸಲಿಂಗಯ್ಯ ಕಣ್ಣಲ್ಲೇ ಅವನನ್ನು ತಡೆದ. ಮೊದಲ ಗುಟುಕು ಗಂಟಲಿಗಿಳಿಯುವಾಗ ಮೈಯೆಲ್ಲ ಮುಳ್ಳೆದ್ದಿತು. ಜಿಡ್ಡು, ಹಸಿ ಬೆಳ್ಳುಳ್ಳಿ, ಹರಿದ ತುಟಿಗೆ ಕಚ್ಚುವ ಉಪ್ಪು, ಜೊತೆಗೆ ತನ್ನದೇ ರಕ್ತ. ಅವ್ವಾ, ತಪ್ಪಾತು ಅಂದುಕೊಂಡ. ಅಂದುಕೊಂಡೇ ಎರಡನೆಯ ಗುಟುಕು ಕುಡಿದ, ಮೂರನೆಯದನ್ನೂ ಕುಡಿದ. ವಾಂತಿ ಉಕ್ಕಿ ಬಂದು ಬಟ್ಟಲು ಇಳಿಸಿದಾಗ ಶ್ಯಾಮಸುಂದರ ಅವನ ಕತ್ತು ಹಿಡಿದು ಮುಖವನ್ನು ಬಟ್ಟಲಿಗೆ ಅದುಮಿದ. ಮೂಗಿಗೆ, ಕಣ್ಣಿಗೆ ಸಾಸು ನುಗ್ಗಿ ಉಸಿರು ಕಟ್ಟಿತು. ಅಬ್ದುಲ್ ನಾಸಿರ್ "ಸಾರ್, ಸಾರ್" ಎಂದು ಅಳತೊಡಗಿದ.

ಆಮೇಲೆ ಶ್ಯಾಮಸುಂದರ ಕೈಬಿಟ್ಟು ನಕ್ಕ. ಆ ನಗೆಯೊಂದನ್ನು ನಗದೆ ಇದ್ದಿದ್ದರೆ ಮುಂದಿನದ್ದು ಆಗುತ್ತಿರಲಿಲ್ಲವೇನೋ.

"ಸಾಕು ಬಿಡಯ್ಯ. ರೋಕ್ ಟೇಸ್ಟ್ ಮಾಡೋಕೆ ಮುಂಚೆ, ನೀನು ಸ್ಟೋರಿಗೆ ಹೋದಾಗ ಉಪ್ಪು ಸುರಿದಿದ್ದು ನಾನೇ. ಮೊನ್ನೆ ಒಡೆದ ಹಾಲಿನ ಟೀನ ಇವನು ಚಪ್ಪರಿಸ್ಕೊಂಡು ಕುಡೀತಿದ್ದ, ಆಗ್ಲೇ ಡೌಟ್ ಬಂತು. ಇವನ ನಾಲಿಗೆ ಸತ್ತಿದೆ ಅಂತ ಇವತ್ತು ಕನ್ಫರ್ಮ್ ಆಯ್ತು. ಇವನ ಟಿಕೆಟ್ಟೂ ಬುಕ್ ಆಗಿದೆ, ಭಾನುವಾರ ಫ್ಲೈಟು."

"ಮತ್ತ ನನಗ್ಯಾಕ ತಿನಿಸಿದ್ರಿ?" ಬಸಲಿಂಗಯ್ಯ ಮೆಲ್ಲಗೆ ಕೇಳಿದ. ಗಡ್ಡದಿಂದ ಸಾಸು ತೊಟ್ಟಿಕ್ಕುತ್ತಿತ್ತು.

"ಎಷ್ಟು ದೂರ ಹೋಗ್ತೀಯ ನೋಡೋಣ ಅಂತ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ಎಲ್ಲ ಇಲಿಗಳೂ ಒಂದೇ ಜಾತಿಯವಲ್ಲ. ಬಸಲಿಂಗಯ್ಯ ಶ್ಯಾಮಸುಂದರನ ಬಲಗೈ ಮಣಿಕಟ್ಟನ್ನು ಹಿಡಿದ. ದಿನಕ್ಕೆ ನಲವತ್ತು ಕೆಜಿ ಆಲೂಗಡ್ಡೆ ಮುರಿಯುವ ಕೈ ಅದು. ಸೌಟು ಠಣ್ ಎಂದು ನೆಲಕ್ಕೆ ಬಿತ್ತು. ಅವನ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿ, ಬಾಗಿದವನನ್ನು ಫ್ರೈಯರಿನತ್ತ ದರದರ ಎಳೆದ. ಅದರೊಳಗೆ ಎರಡನೆಯ ಸಲದ ಎಣ್ಣೆ ಹೊಗೆಯಾಡುತ್ತ ಕಾದಿತ್ತು. ಶ್ಯಾಮಸುಂದರ ಕಿರುಚಿದ, ಒದ್ದ, ಹಲ್ಲು ಊರಿ ಬಸಲಿಂಗಯ್ಯನ ಭುಜ ಕಚ್ಚಿದ. ಬಸಲಿಂಗಯ್ಯನಿಗೆ ಏನೂ ತಾಗಲಿಲ್ಲ. ಆ ಕೈಯನ್ನು ಕರಿಯಬೇಕು, ಅಷ್ಟೇ ಅವನಿಗೆ ಬೇಕಿದ್ದದ್ದು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನಿಗೆ ಒಳಗೊಳಗೇ ಹಿತವೆನಿಸಿತ್ತು.

"ಜೈಲಿಗೆ ಹೋಗ್ತೀಯಾ ಮಾರಾಯಾ! ಬಿಡು ಅವನನ್ನು!"

ರೋಕ್ ಪಕ್ಕದಿಂದ ನುಗ್ಗಿದ. ಎಣ್ಣೆಗೆ ಇನ್ನೊಂದು ಗೇಣು ಉಳಿದಿದ್ದಾಗ ಶ್ಯಾಮಸುಂದರನ ಕೈಯ ಕೆಳಗೆ ತನ್ನ ಎಡಗೈ ತೂರಿಸಿ ಮೇಲಕ್ಕೆ ತಳ್ಳಿದ. ಅದೇ ಕ್ಷಣ ಬಸಲಿಂಗಯ್ಯ ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಒತ್ತಿದ. ಶ್ಯಾಮಸುಂದರನ ಕೈ ಜಾರಿ ಆಚೆ ಹೋಯಿತು. ಮಣಿಕಟ್ಟಿನವರೆಗೆ ಎಣ್ಣೆಯೊಳಗೆ ಇಳಿದದ್ದು ರೋಕನ ಕೈ.

ಚುಂಯ್ ಎಂಬ ಸದ್ದು ಬಂತು, ಆಲೂಗಡ್ಡೆ ಹಾಕಿದಾಗ ಬರುವಂಥದ್ದೇ ಸದ್ದು. ರೋಕ್ ಕೂಗಲೂ ಇಲ್ಲ, ಬಾಯಿ ತೆರೆದುಕೊಂಡು ಕುಸಿದ. ಬಸಲಿಂಗಯ್ಯ ಅವನನ್ನು ತಬ್ಬಿಕೊಂಡು ಸಿಂಕಿನ ನಲ್ಲಿಯ ಕೆಳಗೆ ಕೈ ಹಿಡಿಸಿದ. ನೀರಿನ ಜೊತೆ ಚರ್ಮ ಜಾರಿತು. ಆಗ ಕೂಗಿದವನು ಬಸಲಿಂಗಯ್ಯ. ಆಂಬುಲೆನ್ಸ್ ಬರುವವರೆಗೂ ಅವನ ಕೂಗು ನಿಲ್ಲಲಿಲ್ಲ.

ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ಪೊಲೀಸಿನವನು ಹೇಳಿಕೆ ಬರೆದುಕೊಳ್ಳಲು ಬಂದ. ರೋಕನ ಎಡಗೈ ಬಟ್ಟೆಯ ಉಂಡೆಯಾಗಿತ್ತು. ಮಂಚದ ಈಚೆ ಬಸಲಿಂಗಯ್ಯ, ಬಾಗಿಲ ಬಳಿ ಶ್ಯಾಮಸುಂದರ ನಿಂತಿದ್ದರು.

"ಕಾಲು ಜಾರಿತು," ಎಂದು ರೋಕ್ ತನಗೆ ಬರುವ ಹರಕು ಅರಬ್ಬಿಯಲ್ಲಿ ಹೇಳಿದ. "ನಾನೇ ಬಿದ್ದೆ. ಇವನು ಹಿಡಿಯಲು ಬಂದು ಮುಖ ಒಡೆದುಕೊಂಡ."

ಪೊಲೀಸಿನವನು ಬಸಲಿಂಗಯ್ಯನ ಹರಿದ ತುಟಿ ನೋಡಿದ, ಶ್ಯಾಮಸುಂದರನತ್ತ ತಿರುಗಿದ. ಆ ತುಟಿಯ ಲೆಕ್ಕ ಕೇಳಿದರೆ ಸೌಟಿನ ಕತೆಯೂ ಹೊರಗೆ ಬರುತ್ತಿತ್ತು. ಶ್ಯಾಮಸುಂದರ ತಲೆ ತಗ್ಗಿಸಿ, "ನಾನು ಆ ಕಡೆ ತಿರುಗಿದ್ದೆ," ಅಂದ. ಕಾಗದಕ್ಕೆ ಸಹಿಯಾಯಿತು. ಇಬ್ಬರೂ ಹೊರಟುಹೋದರು.

ಬಸಲಿಂಗಯ್ಯನಿಗೆ ರೋಕನ ಮುಖ ನೋಡುವ ಧೈರ್ಯ ಬರಲಿಲ್ಲ. ಯಾರನ್ನು ಉಳಿಸಲೆಂದು ಅವ್ವನಿಗೆ ಕೊಟ್ಟ ಮಾತು ಮುರಿದನೋ, ಅವನ ಕೈಯನ್ನೇ ಕರಿದಿದ್ದ. ಭಾನುವಾರದ ಟಿಕೆಟ್ಟು ರದ್ದಾಗುವುದಿಲ್ಲ, ಗಾಯ ಮಾಯುವವರೆಗೆ ಮುಂದೆ ಹೋಗುತ್ತದೆ, ಅಷ್ಟೇ.

"ರೋಕಣ್ಣ, ನಾ ನಿನ್ನ ಕೈ..." ಅಂದ ಬಸಲಿಂಗಯ್ಯ.

"ನಂಗೆ ಹೇಗೂ ಊರಿಗೆ ಹೋಗ್ಲಿಕ್ಕುಂಟಲ್ಲ. ನೀನಾದ್ರೂ ಜೈಲಿನ ಹೊರಗೆ ಇರು." ರೋಕ್ ಅವನತ್ತ ತಿರುಗಿದ. ಆಮೇಲೆ ಕೇಳಿದ, "ಹನ್ನೊಂದು ವರ್ಷ ಬಿಳಿಯ ರುಚಿ ನಾನು ನಿಂಗೆ ಹೇಳಿದೆ. ಇವತ್ತು ನೀನು ಹೇಳು ಮಾರಾಯಾ. ಹೇಗಿತ್ತು?"

ಬಸಲಿಂಗಯ್ಯ ಹರಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ.

"ಬಳ್ಳೊಳ್ಳಿ ಚಲೋ ಇತ್ತು," ಅಂದ. "ಉಪ್ಪ ಭಾಳ ಆಗಿತ್ತು."