ಹಲ್ಲು ಕೀಳಿಸಲು ದಡಕ್ಕಿಳಿದವನು

ಹಡಗು ದಡ ಮುಟ್ಟಿದ್ದೇ ತಡ, ಮೇಲಿನ ಅಂತಸ್ತುಗಳ ಪ್ರಯಾಣಿಕರು ಹೂವಿನ ಚಡ್ಡಿ ತೊಟ್ಟು, ಮೈಗೆಲ್ಲ ಬಿಳಿ ಮುಲಾಮು ಮೆತ್ತಿಕೊಂಡು ಮರಳಿಗೆ ಇಳಿದರು. ಅವರೆಲ್ಲ ಇಳಿದು ಮುಗಿದ ಮೇಲೆ ತಳದ ಇಸ್ತ್ರಿ ಕೋಣೆಯಿಂದ ಕೆಂಡನೂ ಇಳಿದ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಮೂಗಿನ ತುದಿಯಲ್ಲೇ ಸಿಟ್ಟು ಹೊತ್ತು ತಿರುಗುವವನಿಗೆ ಜೊತೆಗಾರರು ಇಟ್ಟ ಹೆಸರೇ ಅಂಟಿಕೊಂಡಿತ್ತು. ಅವನು ಸಮುದ್ರ ನೋಡಲು ಬಂದವನಲ್ಲ, ಹಲ್ಲು ಕೀಳಿಸಲು ಬಂದವನು.

ಎಡಗಡೆಯ ದವಡೆಹಲ್ಲು ವಾರದಿಂದ ಅವನನ್ನು ನಿಗಿನಿಗಿ ಸುಡುತ್ತಿತ್ತು. ಹಡಗಿನಲ್ಲಿ ಡಾಕ್ಟರಿದ್ದರು. ಇದ್ದು ಏನು ಬಂತು? ಪಾತ್ರೆ ತೊಳೆಯುವವನೊಬ್ಬ ಹಲ್ಲುನೋವೆಂದು ಅವರ ಬಾಗಿಲು ತಟ್ಟಿದ್ದಕ್ಕೆ, "ಮನೆಗೆ ಹೋಗಿ ವಾಸಿ ಮಾಡ್ಕೊಂಡು ಬಾ" ಎಂದು ಮುಂದಿನ ಬಂದರಿನಲ್ಲೇ ಇಳಿಸಿಬಿಟ್ಟಿದ್ದರು. ಹೋದವನು ಹೋದ, ಅವನನ್ನು ಮತ್ತೆ ಯಾರೂ ಕರೆಯಲಿಲ್ಲ. ಕೆಂಡನಿಗೋ ಈಗಷ್ಟೇ ಅದೃಷ್ಟ ಕಣ್ಣು ಬಿಡುವ ಕಾಲ ಬಂದಿತ್ತು. ಕಿಟಕಿಯೇ ಇಲ್ಲದ ಕೋಣೆಯಲ್ಲಿ, ಆವಿ ಉಗುಳುವ ಯಂತ್ರದ ಬಾಯಿಗೆ ಕಂಡವರ ದಿಂಬಿನ ಚೀಲ ಉಣಿಸಿ ಉಣಿಸಿ ಸಾಕಾಗಿ, ಮೇಲಿನ ಕೆಲಸಕ್ಕೆ ಹಾಕಿ ಎಂದು ಮೇಸ್ತ್ರಿಯ ಬೆನ್ನು ಬಿದ್ದಿದ್ದ. ಹಗ್ಗ ಎಳೆಯುವುದೋ ಹಲಗೆ ಉಜ್ಜುವುದೋ, ಏನಾದರೂ ಸರಿ, ತಲೆಯ ಮೇಲೆ ಆಕಾಶ ಇರಬೇಕು. ಮೇಸ್ತ್ರಿ ಕೊನೆಗೂ ಒಪ್ಪಿದ್ದ. ಮೇಲೆ ಹಾಕುವ ಮುನ್ನ, ಇನ್ನೊಂದು ವಾರಕ್ಕೆ, ಹಡಗಿನ ಡಾಕ್ಟರ ತಪಾಸಣೆ. ಅಷ್ಟರೊಳಗೆ ಹಡಗು ನಿಲ್ಲುವ ಊರು ಇದೊಂದೇ. ಊದಿದ ಕೆನ್ನೆ ಹೊತ್ತು ಅವರ ಮುಂದೆ ನಿಂತರೆ ಮೇಲೂ ಇಲ್ಲ, ಕೆಳಗೂ ಇಲ್ಲ, ನೇರ ಮನೆಯೇ.

ಊರೊಳಗೆ ಹೋದರೆ ನರಪಿಳ್ಳೆಯಿಲ್ಲ. ದರ್ಜಿಯ ಅಂಗಡಿಗೆ ಬೀಗ, ಬೀಗದ ಅಂಗಡಿಗೂ ಬೀಗ. ದರ್ಜಿಯ ತಲೆಯ ಮೇಲಿನ ಮಹಡಿಯಲ್ಲಿ ದಂತವೈದ್ಯರ ಫಲಕ ಕಂಡಿತು. ಎದೆ ಹಗುರಾಗಿ ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಒಂದು ಚೀಟಿ: "ಹಡಗು ಬಂದ ದಿನ ರಜೆ. ತೀರಾ ತುರ್ತಿದ್ದರೆ ಕಡಲತೀರ, ಹಳದಿ ಕೊಡೆ."

"ಥೂ, ಇವರ ಹಡಗಿಗೆ ಬೆಂಕಿ ಹಾಕ" ಎಂದ ಕೆಂಡ, ತಾನು ಹೊಟ್ಟೆ ಹೊರೆಯುವುದು ಅದೇ ಹಡಗಿನಲ್ಲಿ ಎಂಬುದನ್ನು ಮರೆತು.

ಹಳದಿ ಕೊಡೆಯ ಕೆಳಗೆ ಹುಲ್ಲಿನ ಟೋಪಿಗಳ ಗುಡ್ಡೆ. ಗುಡ್ಡೆಯ ಹಿಂದೆ ಕನ್ನಡಕದ ಡಾಕ್ಟ್ರಮ್ಮ, ಪಕ್ಕದಲ್ಲಿ ಟೋಪಿಯ ಅಂಚು ಹೆಣೆಯುತ್ತಾ ಅವಳ ಅತ್ತೆ. ಡಾಕ್ಟ್ರಮ್ಮ ಅವನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ ಬಾಯೊಳಗೆ ಇಣುಕಿದಳು.

"ಅಯ್ಯಪ್ಪಾ! ಇದನ್ನ ಇಟ್ಕೊಂಡು ಹೇಗೋ ಬದುಕಿದ್ದೀಯ? ನಾಳೆ ಬೆಳಗ್ಗೆನೇ ಬಾ, ತೆಗೆದುಬಿಡೋಣ."

"ನಾಳೆ ನಾನಿರಲ್ಲ. ಹಡಗಿನವನು."

ಡಾಕ್ಟ್ರಮ್ಮ ಅತ್ತೆಯ ಮುಖ ನೋಡಿದಳು. ಹೋದ ಸಲ ಹಡಗು ಬಂದಾಗ ಯಾರದೋ ಹಲ್ಲು ಕೀಳಲು ಅವಳು ಎದ್ದುಹೋಗಿದ್ದಳಂತೆ. ಒಂಟಿ ಮುದುಕಿಯ ಕೈಯಿಂದ ಗಾಳಿ ಅರ್ಧಕ್ಕರ್ಧ ಟೋಪಿ ಕಿತ್ತುಕೊಂಡು ಹೋಗಿ ನೀರಿಗೆ ಹಾಕಿತಂತೆ. ಈ ಸಲ ಗುಡ್ಡೆ ಕರಗುವ ತನಕ ಕದಲುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದಳು.

"ಹಲ್ಲು ಎಲ್ಲಿಗೋ ಓಡಿಹೋಗತ್ತೆ? ಗಿರಾಕಿಗಳು ಓಡಿಹೋಗ್ತಾರೆ" ಎಂದಳು ಅತ್ತೆ, ತಲೆಯೆತ್ತದೆ. "ಸಂಜೆ ಹಡಗು ಹೊರಟ್ರೆ ಇಷ್ಟನ್ನೂ ಯಾರಿಗೆ ಹಾಕ್ಲಿ? ಮೀನಿಗಾ?"

"ಆ ಹಡಗಲ್ಲಿ ನಾನೂ ಹೋಗ್ತೀನಲ್ಲಜ್ಜೀ! ಹಲ್ಲೂ ನನ್ ಜೊತೆನೇ ಹೋಗತ್ತೆ!" ಕೂಗಿದ್ದಕ್ಕೆ ದವಡೆಯಿಂದ ನೆತ್ತಿಗೆ ಮಿಂಚು ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಬಗ್ಗಿ ಟೋಪಿಗಳ ಒಂದು ಗೋಪುರವನ್ನೇ ಬಾಚಿಕೊಂಡ. "ಇದು ಖಾಲಿಯಾದ್ರೆ ಕೀಳ್ತೀರ ತಾನೆ?"

ಅತ್ತೆ ಈಗ ತಲೆಯೆತ್ತಿದಳು. "ಮೊದ್ಲು ಆ ಕೆನ್ನೆ ಕಟ್ಟೋ, ಗಿರಾಕಿ ಬೆಚ್ಚಿ ಬೀಳ್ತಾರೆ" ಎಂದು ತನ್ನ ವಸ್ತ್ರದಿಂದ ದವಡೆ ಸುತ್ತಿ ನೆತ್ತಿಯ ಮೇಲೆ ಮೊಲದ ಕಿವಿಯಂತೆ ಗಂಟು ಹಾಕಿ, ಕಿವಿ ಹೊರಗಿಣುಕುವಂತೆ ಟೋಪಿ ಪೇರಿಸಿದಳು.

ಕೆಂಡ ಮೊದಲು ಸಿಕ್ಕ ಗಂಡಹೆಂಡಿರ ಎದುರು ನಿಂತು "ಟೋಪಿ ಬೇಕಾ?" ಎಂದು ಗದರಿದ. ಅವರು ಕೈಕೈ ಹಿಡಿದು ಬೇರೆ ದಿಕ್ಕು ಹಿಡಿದರು.

"ಟೋಪಿ ಮಾರ್ತಿದ್ದೀಯೋ, ಜಗಳ ಮಾರ್ತಿದ್ದೀಯೋ?" ಎಂದು ಅತ್ತೆ ಅಲ್ಲಿಂದಲೇ ಕೂಗಿದಳು.

ಆಮೇಲೆ ಬಂದವನು ಡೊಳ್ಳುಹೊಟ್ಟೆಯ ಪ್ರಯಾಣಿಕ. ಅವನ ಅಂಗಿಯ ಕಾಲರನ್ನು ಬೆಳಗ್ಗೆ ಅಂಚು ಮುರಿದು ಇಸ್ತ್ರಿ ಮಾಡಿದವನು ಕೆಂಡನೇ. ಮೊಲದ ಕಿವಿ, ಊದಿದ ಕೆನ್ನೆ, ಟೋಪಿಯ ಗೋಪುರ ನೋಡಿ ಡೊಳ್ಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಯನ್ನು ಕರೆದು ಫೋಟೋ ಹೊಡೆಸಿದ. ಕೆಂಡನಿಗೆ ಅಂಗಾಲಿನಿಂದ ಸಿಟ್ಟು ಏರಿತು. ಹಲ್ಲು ಕಚ್ಚಿ ಸಹಿಸೋಣವೆಂದರೆ ಕಚ್ಚುವ ಹಲ್ಲೇ ಕೈಕೊಟ್ಟಿತ್ತು. ಇಡೀ ಗೋಪುರವನ್ನು ಅವನ ಮುಖಕ್ಕೆ ಎಸೆದು ಹೋಗಿಬಿಡಬಹುದಿತ್ತು. ಎಸೆದು ಹೋಗುವುದೆಲ್ಲಿಗೆ? ಆವಿ ತುಂಬಿದ ಆ ಬಿಲಕ್ಕೆ ತಾನೆ?

ನಗಲಿ, ನಗುವುದು ಅವರ ಬಾಯಿ, ನೋಯುವುದು ನನ್ನದು ಎಂದುಕೊಂಡು ಸೊಂಟ ಬಗ್ಗಿಸಿ ಸಲಾಮು ಹೊಡೆದ. ತುದಿಯ ಟೋಪಿ ಜಾರಿ ಡೊಳ್ಳಪ್ಪನ ಬೋಳುತಲೆಯ ಮೇಲೆ ನೇರ ಕುಳಿತಿತು. ಸುತ್ತಲಿನವರು ಗೊಳ್ಳೆಂದರು. ಅಷ್ಟು ಜನರೆದುರು ಅದನ್ನು ತೆಗೆದುಕೊಡಲು ಡೊಳ್ಳಪ್ಪನಿಗೂ ನಾಚಿಕೆ. ಕೊಂಡುಕೊಂಡ.

ಆಯಿತಲ್ಲ, ದಾರಿ ಸಿಕ್ಕಿತು. ಮಧ್ಯಾಹ್ನವಿಡೀ ಕೆಂಡ ಕಾದ ಮರಳಿನ ಮೇಲೆ ಸಲಾಮು ಹೊಡೆದ. ಕೆಲವು ಟೋಪಿ ತಲೆಗೆ ಬಿದ್ದವು, ಕೆಲವು ಮರಳಿಗೆ, ಒಂದು ಯಾರದೋ ಐಸ್‌ಕ್ರೀಮಿಗೆ. ಪ್ರತಿ ಸಲಾಮಿಗೂ ಮರ್ಯಾದೆ ಒಂದು ಚೂರು ಉದುರುತ್ತಿತ್ತು, ದವಡೆ ಧಗ್ಗೆನ್ನುತ್ತಿತ್ತು. ಅವನು ನಿಲ್ಲಿಸಲಿಲ್ಲ.

ಹಡಗಿನ ಮೊದಲ ಕೂಗು ಕೇಳಿದಾಗ ಗುಡ್ಡೆ ಬುಟ್ಟಿಯಷ್ಟಾಗಿತ್ತು. ಕೆಂಡ ಬುಟ್ಟಿಯನ್ನು ನೋಡಿದ, ಹಡಗನ್ನು ನೋಡಿದ, ಮತ್ತೆ ಟೋಪಿಗೆ ಕೈ ಹಾಕಿದ. ಅತ್ತೆ ಆ ಕೈ ತಳ್ಳಿ ಸೊಸೆಗೆ ಗದರಿದಳು:

"ಬೊಂಬೆ ಹಾಗೆ ನಿಂತ್ಕೊಂಡ್ಯಲ್ಲ! ಹೋಗೇ, ಹುಡುಗನ ಹಲ್ಲು ಕೀಳು. ಗಾಳಿ ಬಂದ್ರೆ ಉಳಿದಿದ್ದರ ಮೇಲೆ ನಾನೇ ಕೂತ್ಕೋತೀನಿ."

ಮಹಡಿ ಹತ್ತಿ ಬೀಗ ತೆಗೆದು, ಕೈ ತಿಕ್ಕಿ ತೊಳೆದು, ಡಾಕ್ಟ್ರಮ್ಮ ಒಸಡಿಗೆ ಸೂಜಿ ಚುಚ್ಚಿದಳು. "ಮರಗಟ್ಟೋಕೆ ಸ್ವಲ್ಪ ಹೊತ್ತು ಬೇಕು."

ಹಡಗು ಎರಡನೆಯ ಸಲ ಕೂಗಿತು.

"ಕೀಳಿ."

"ಪೂರ್ತಿ ಮರಗಟ್ಟಿಲ್ಲ ಕಣಪ್ಪ, ಜೀವ ಹೋಗತ್ತೆ."

"ಹೋದ್ರೆ ಹೋಗ್ಲಿ. ಕೀಳಿ ಡಾಕ್ಟ್ರಮ್ಮ."

ಕುರ್ಚಿಯ ಎರಡೂ ತೋಳು ಹಿಡಿದುಕೊಂಡ. ಇಕ್ಕಳ ಒಂದು ಸಲ ಅಲ್ಲಾಡಿಸಿತು, ಇನ್ನೊಂದು ಸಲ ತಿರುಚಿತು. ಕಣ್ಣು ಕತ್ತಲಿಟ್ಟಿತು. ಕೂಗಲಿಲ್ಲ. ದಿನವಿಡೀ ನುಂಗಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಕೆಲಸಕ್ಕೆ ಬಂತು. ತಟ್ಟೆಯಲ್ಲಿ ಟಣ್ ಎಂದು ಬಿದ್ದದ್ದನ್ನು ಕೆಕ್ಕರಿಸಿ ನೋಡಿದ. ಕಡಲೆಕಾಳಿನಷ್ಟಿದ್ದುಕೊಂಡು ಆಳೆತ್ತರದವನನ್ನು ಕುಣಿಸಿತಲ್ಲ, ಮುಂಡೇದು!

"ಹತ್ತಿ ಕಚ್ಕೊಂಡಿರು, ಈ ಮಾತ್ರೆ ನುಂಗು, ಮೂರ್ನಾಲ್ಕು ದಿನಕ್ಕೆ ಬಾವು ಇಳಿಯತ್ತೆ. ಓಡು!"

ಓಡಿದ. ಹಳದಿ ಕೊಡೆಯ ಹತ್ತಿರ ಅತ್ತೆ ಅಡ್ಡ ನಿಂತು, ಬುಟ್ಟಿಯಿಂದ ಒಂದು ಟೋಪಿ ಎತ್ತಿ ಅವನ ತಲೆಗೆ ಒತ್ತಿದಳು. "ಎಡಕ್ಕೆ ಓರೆ ಇಟ್ಕೋ, ಬಾವು ಕಾಣಲ್ಲ."

ಹಡಗಿನ ಏಣಿ ಎತ್ತಲು ಕೈ ಹಾಕಿದ್ದವರು ಅವನನ್ನು ಬೈದುಕೊಂಡೇ ಹತ್ತಿಸಿಕೊಂಡರು. ಕೆಂಡ ತಳಕ್ಕಿಳಿದ. ಕೋಣೆಯಲ್ಲಿ ಅದೇ ಆವಿ, ಮರಳು ಮೆತ್ತಿದ ಟವೆಲ್ಲುಗಳ ಹೊಸ ಬೆಟ್ಟ. ಟೋಪಿ ತೆಗೆದು ಯಂತ್ರದ ಮೇಲಿನ ಮೊಳೆಗೆ ತೂಗುಹಾಕಿ, ತೋಳು ಮಡಚಿ ಮೊದಲ ಟವೆಲ್ಲು ಕೊಡವಿದ.

"ಏನೋ ಕೆಂಡ, ಟೋಪಿ ತಂದಿದ್ದೀಯಾ?" ಜೊತೆಗಾರ ನಕ್ಕ. "ಈ ಪಾತಾಳದಲ್ಲಿ ಎಲ್ಲಿದೆಯೋ ಬಿಸಿಲು?"

ಬಾಯಿತುಂಬ ಹತ್ತಿ. ಕೆಂಡ ಟವೆಲ್ಲು ಹಿಡಿದ ಕೈಯಲ್ಲೇ ಬೆರಳೆತ್ತಿ ಮೇಲಕ್ಕೆ ತೋರಿಸಿದ.